ನಿನ್ನೆಗಿಂತ ವಾಸಿ

ಆ ಊರಿನಲ್ಲಿ ಮಳೆ ಎಲ್ಲ ಊರಿನ ಹಾಗೆ ಮೇಲಿಂದ ಕೆಳಕ್ಕೇ ಬೀಳುತ್ತಿತ್ತು. ಮನುಷ್ಯರು ಮಾತ್ರ ಆಗಾಗ ಕೆಳಗಿಂದ ಮೇಲಕ್ಕೆ ಬೀಳುತ್ತಿದ್ದರು.

ಹಾಗೆ ಬೀಳುವವರೆಲ್ಲ ಹಗುರನೀರು ಕುಡಿದವರು. ಗಸಗಸೆ ಕಾಯಿ ಗೀರಿದಾಗ ಒಸರುವ ಹಾಲನ್ನು ಊರಿನ ವೈದ್ಯ ಅದೇನೋ ಮಾಡಿ ಸೀಸೆಗೆ ತುಂಬುತ್ತಿದ್ದ. ಸೊಂಟ ಮುರಿದವನಿಗೆ ಒಂದು ಗುಟುಕು, ಸುಟ್ಟುಕೊಂಡವಳಿಗೆ ಒಂದು ಗುಟುಕು, ಗಂಡ ಸತ್ತವಳಿಗೂ ಒಂದು ಗುಟುಕು. "ನೋವಿಗೆ ತೂಕ ಇದೆ. ಅದನ್ನು ತೆಗೆದರೆ ಮೈ ಹಗುರ ಆಗ್ತದೆ, ಅಷ್ಟೇ," ಎನ್ನುತ್ತಿದ್ದ ವೈದ್ಯ. ಮಾತು ಸುಳ್ಳಲ್ಲ. ಆದರೆ ಎಲ್ಲಿ ನಿಲ್ಲಬೇಕೆಂಬುದು ಆ ನೀರಿಗೆ ಗೊತ್ತಿರಲಿಲ್ಲ, ವೈದ್ಯನಿಗೆ ಗೊತ್ತಿದ್ದರೂ ಹೇಳುವ ಆತುರವಿರಲಿಲ್ಲ. ನೋವಿನ ತೂಕ ತೆಗೆದ ನೀರು ಆಮೇಲೆ ಅನ್ನದ ತೂಕ ತೆಗೆಯುತ್ತಿತ್ತು, ನಿದ್ದೆಯ ತೂಕ ತೆಗೆಯುತ್ತಿತ್ತು, ಕೊಟ್ಟ ಮಾತಿನ ತೂಕ ತೆಗೆಯುತ್ತಿತ್ತು, ಕೊನೆಗೆ ಮೂಳೆಯ ತೂಕವನ್ನೂ ತೆಗೆಯುತ್ತಿತ್ತು. ಆಮೇಲೊಂದು ದಿನ ಅಂಗಳದಲ್ಲಿ ನಿಂತವನ ಹಿಮ್ಮಡಿ ನೆಲ ಬಿಡುತ್ತಿತ್ತು.

ಮೇಲೆ ಹೋಗುವವನ ಒಂದು ಚಪ್ಪಲಿ ಊರೊಳಗೇ ಬೀಳುತ್ತಿತ್ತು. ಇನ್ನೊಂದು ಗಾಳಿ ಒಯ್ದ ಕಡೆ ಎಲ್ಲೋ ಬೀಳುತ್ತಿತ್ತು. ಊರೊಳಗೆ ಬಿದ್ದದ್ದನ್ನು ತಂದು ಊರ ನಡುವಿನ ಕಟ್ಟೆಯ ಮೇಲೆ ಇಡುವುದು ಪದ್ಧತಿ. ಕಟ್ಟೆಯ ತುಂಬ ಒಂಟಿ ಚಪ್ಪಲಿಗಳ ರಾಶಿ. ನಾಯಿಗಳೂ ಅದನ್ನು ಮುಟ್ಟುತ್ತಿರಲಿಲ್ಲ. ಭಕ್ತಿಯಿಂದಲ್ಲ, ತೊಗಲು ಹಳೆಯದಾಗಿತ್ತು.

ನೀರು ಬಿಟ್ಟವರೂ ಇದ್ದರು. ಬಿಟ್ಟ ಮಾತ್ರಕ್ಕೆ ಹೋದ ತೂಕ ಓಡೋಡಿ ಬರುವುದಿಲ್ಲವಾದ್ದರಿಂದ ಅವರು ಸೊಂಟಕ್ಕೆ ಕಲ್ಲು ಕಟ್ಟಿಕೊಂಡು ಓಡಾಡಬೇಕಿತ್ತು. ಕಲ್ಲು ಇರುವಷ್ಟು ದಿನ ನೆಲದ ಮೇಲೆ ಇರುತ್ತಿದ್ದರು. ಆದರೆ ಊರಿಗೆ ಕಲ್ಲು ಕಂಡರಾಗದು. ಊರ ಬಾಗಿಲಲ್ಲಿ ಯಾರೋ ಯಾವ ಕಾಲದಲ್ಲೋ ಕೆತ್ತಿಸಿದ್ದರು: ವಾಸಿಯಾದವರು ಕಲ್ಲಿಳಿಸತಕ್ಕದ್ದು. ಕಲ್ಲು ಹೊತ್ತವನಿಗೆ ಪಂಕ್ತಿಯಲ್ಲಿ ಎಲೆಯಿಲ್ಲ, ಪಂಚಾಯಿತಿಯಲ್ಲಿ ಮಾತಿಲ್ಲ, ಯಾರ ಮನೆಯ ಮೂಟೆ ಹೊರುವ ಹಕ್ಕೂ ಇಲ್ಲ. "ನೀರಿನ ಗುಲಾಮ ಹೋಗಿ ಕಲ್ಲಿನ ಗುಲಾಮ ಆದ, ಏನು ಹೆಚ್ಚುಗಾರಿಕೆ?" ಎಂದು ಜಗಲಿಯ ಮೇಲೆ ಕೂತವರು ಕೇಳುತ್ತಿದ್ದರು. ಅವರು ಜಗಲಿ ಬಿಟ್ಟು ಏಳದವರು.

ವರ್ಷಕ್ಕೊಮ್ಮೆ ಕಲ್ಲಿಳಿಸುವ ಹಬ್ಬ. ಕಟ್ಟೆಯ ಮೇಲೆ ಒಬ್ಬನನ್ನು ನಿಲ್ಲಿಸಿ ಊರಿನ ಯಜಮಾನ ಕೇಳುತ್ತಾನೆ: "ವಾಸಿಯಾ?" ಅವನು "ವಾಸಿ" ಎನ್ನುತ್ತಾನೆ. ತಮಟೆ ಬಡಿಯುತ್ತದೆ, ಕಲ್ಲು ಇಳಿಯುತ್ತದೆ, ಎಲ್ಲರಿಗೂ ಗಸಗಸೆ ಪಾಯಸ. ಗಸಗಸೆಯಿಂದ ಬಿದ್ದವನಿಗೆ ಗಸಗಸೆಯದೇ ಪಾಯಸವೇ ಎಂದು ಯಾರೂ ಕೇಳಿದ್ದಿಲ್ಲ. ಪಾಯಸ ಅಷ್ಟು ಚೆನ್ನಾಗಿರುತ್ತಿತ್ತು. ಕಲ್ಲಿಳಿದವನು ಪಕ್ಕದವರ ಹೆಗಲು, ಗೋಡೆ, ಚಿಲಕ ಹಿಡಿದುಕೊಂಡು ಸ್ವಲ್ಪ ದಿನ ತಳ್ಳುತ್ತಿದ್ದ, ಆಮೇಲೆ ಎಲ್ಲೋ ಧೊಪ್ಪೆಂದು ಒಂದು ಚಪ್ಪಲಿ ಬೀಳುತ್ತಿತ್ತು. "ಅವನಿಗೇ ಮನಸ್ಸಿರಲಿಲ್ಲ ಬಿಡಿ," ಎಂದು ಊರು ಅದನ್ನು ತಂದು ಕಟ್ಟೆಗೆ ಸೇರಿಸುತ್ತಿತ್ತು.

ಈ ಊರಿನಲ್ಲಿ ಬೆಲ್ಲದ ಅಂಗಡಿ ಇಟ್ಟುಕೊಂಡ ಒಬ್ಬಾಕೆ ಇದ್ದಳು. ಗಟ್ಟಿ ಹೆಂಗಸು, ಮೈಯಲ್ಲೂ ಮಾತಲ್ಲೂ. ಯಾವ ವಸ್ತುವನ್ನೇ ಆಗಲಿ ಒಂದು ಸಲ ಕೈಯಲ್ಲಿ ಎತ್ತಿದರೆ ಅದರ ತೂಕ ಅವಳಿಗೆ ಗೊತ್ತಾಗುತ್ತಿತ್ತು. ಮನುಷ್ಯರ ಮಾತಿನ ತೂಕವೂ. ಅದಕ್ಕೇ ಅವಳಿಗೆ ಸ್ನೇಹಿತರು ಕಮ್ಮಿ.

ಅವಳ ತಮ್ಮ ಮೂಟೆ ಹೊರುವವನು. ಒಂದು ದಿನ ಮೇಲಿನ ಸಾಲಿನ ಮೂಟೆ ಜಾರಿ ಬೆನ್ನ ಮೇಲೆ ಬಿತ್ತು. ವೈದ್ಯ ಹಗುರನೀರು ಕೊಟ್ಟ. ಬೆನ್ನು ಎದ್ದಿತು, ಆಮೇಲೆ ಬೆನ್ನಿನ ಜೊತೆ ಅವನೂ ಎದ್ದ. ಊರನ್ನೇ ಹೊರಬಲ್ಲವನನ್ನು ಹಿಡಿದು ನಿಲ್ಲಿಸಲು ಒಂದು ಬಾಗಿಲ ಚಿಲಕ ಬೇಕಾಯಿತು. ಹೇಗೋ ನೀರು ಬಿಟ್ಟ, ಕಲ್ಲು ಕಟ್ಟಿದ. ಅದೇ ವರ್ಷ ಯಜಮಾನ ಅವನನ್ನು ಕಟ್ಟೆಯ ಮೇಲೆ ನಿಲ್ಲಿಸಿ ಕಲ್ಲು ಇಳಿಸಿದ. ಅಂಗಡಿಯಾಕೆಯೂ ಪಾಯಸ ತಿಂದಳು, ಎರಡು ಸಲ ಬಡಿಸಿಕೊಂಡಳು.

ಹೆಚ್ಚು ದಿನ ಆಗಲಿಲ್ಲ. ಬೆಳಿಗ್ಗೆ ಗೋದಾಮಿನ ಬಾಗಿಲು ತೆಗೆದರೆ ತಮ್ಮ ಕಾಣಲಿಲ್ಲ. ಮೇಲಿಂದ ದನಿ ಬಂತು.

"ಅಕ್ಕಾ."

ತಲೆಯೆತ್ತಿದಳು. ಮಾಡಿನ ತೊಲೆಗೆ ಬೆನ್ನು ಅಂಟಿಸಿಕೊಂಡು ಬಾವಲಿಯ ಹಾಗೆ ತಮ್ಮ. ಕಣ್ಣು ಅರ್ಧ ಮುಚ್ಚಿತ್ತು. ತುಟಿ ನೀಲಿ. ಕೆಳಗೆ ನೆಲದ ಮೇಲೆ ಖಾಲಿ ಸೀಸೆ.

"ಅಕ್ಕಾ, ಇಲ್ಲಿ ತುಂಬಾ ಜೇಡರ ಬಲೆ. ಯಾವ ಕಾಲದಲ್ಲಿ ಗುಡಿಸಿದ್ದೋ."

"ಇಳಿದು ಬಾ. ನೀನೇ ಗುಡಿಸುವೆಯಂತೆ."

ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆಯನ್ನು ಗಳುವಿಗೆ ಕಟ್ಟಿ ಅವನ ಅಂಗಿಗೆ ಸಿಕ್ಕಿಸಿ ಜಗ್ಗಿದಳು. ಅಂಗಿ ಹರಿಯಿತು. ಪಂಚೆಗೆ ಸಿಕ್ಕಿಸಿ ಜಗ್ಗಿದಳು. ಪಂಚೆ ಬಂತು, ತಮ್ಮ ಬರಲಿಲ್ಲ. ಕೊನೆಗೆ ಸೊಂಟದ ಉಡಿದಾರಕ್ಕೆ ಸಿಕ್ಕಿಸಿ ಎಳೆದಳು. ನೆಲಕ್ಕೆ ತಂದು ಎದೆಯ ಮೇಲೆ ಬೆಲ್ಲದ ಮೂಟೆ ಇಟ್ಟು, ಅದರ ಪಕ್ಕ ತಾನು ಕೂತು, ಅವನ ಕೆನ್ನೆಗೆ ಬಾರಿಸುತ್ತಾ ಬೈಯುತ್ತಾ ಉಸಿರು ಸರಿಯಾಗುವವರೆಗೆ ಏಳಲಿಲ್ಲ. ಇವನು ಎದ್ದದ್ದು ಗೋದಾಮಿನೊಳಗೆ, ಅದಕ್ಕೇ ಉಳಿದ. ಅಂಗಳದಲ್ಲಿ ಎದ್ದಿದ್ದರೆ ಕಟ್ಟೆಗೆ ಇನ್ನೊಂದು ಚಪ್ಪಲಿ. ಉಳಿದವನಿಗೂ ಹೋದವನಿಗೂ ನಡುವೆ ಇದ್ದದ್ದು ಬುದ್ಧಿಯಲ್ಲ, ಪುಣ್ಯವಲ್ಲ, ಒಂದು ಸೂರು.

"ಬಿಟ್ಟುಬಿಡು, ಹೋಗಲಿ. ಇಂಥವರನ್ನು ಎಷ್ಟು ದಿನ ಹಿಡೀತೀಯ?" ಎಂದರು ನೆರೆಯವರು.

"ಮಳೆಗಾಲಕ್ಕೆ ಬೆಲ್ಲ ಬೆವರ್ತದೆ, ಬೇಸಿಗೆಗೆ ಒಣಗ್ತದೆ," ಎಂದಳು ಅವಳು. "ಹಾಗಂತ ಬೆಲ್ಲದ ಮೇಲೆ ಸಿಟ್ಟು ಮಾಡ್ಕೊಂಡವನು ಅಂಗಡಿ ಮುಚ್ಚಬೇಕು. ನಾನು ಮುಚ್ಚಲ್ಲ. ತೂಗ್ತಾ ಇರ್ತೀನಿ."

ಅಂದಿನಿಂದ ಒಂದು ನೇಮ ಶುರುವಾಯಿತು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದ ಮೇಲೆ, ಮೊದಲ ಗಿರಾಕಿ ಬರುವ ಮೊದಲು, ಮೂಟೆ ತೂಗುವ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ತಮ್ಮ ಕೂರುತ್ತಿದ್ದ. ಇನ್ನೊಂದರಲ್ಲಿ ಅಕ್ಕ ಬೆಲ್ಲದ ಅಚ್ಚುಗಳನ್ನು ಇಡುತ್ತಿದ್ದಳು.

"ಹೇಗಿದೆ?" ಎನ್ನುತ್ತಿದ್ದಳು.

ಒಮ್ಮೊಮ್ಮೆ ಅವನು "ನಿನ್ನೆಗಿಂತ ವಾಸಿ" ಎನ್ನುತ್ತಿದ್ದ. ಒಮ್ಮೊಮ್ಮೆ "ನಿನ್ನೆಯೇ ವಾಸಿ" ಎನ್ನುತ್ತಿದ್ದ. ನಿನ್ನೆಗಿಂತ ವಾಸಿಯಾದ ದಿನ ಸಣ್ಣ ಕಲ್ಲು, ನಿನ್ನೆಯೇ ವಾಸಿಯಾದ ದಿನ ದೊಡ್ಡ ಕಲ್ಲು. ಸಣ್ಣ ಕಲ್ಲಿಗೆ ಹೊಗಳಿಕೆ ಇರಲಿಲ್ಲ, ದೊಡ್ಡ ಕಲ್ಲಿಗೆ ಬೈಗುಳ ಇರಲಿಲ್ಲ. ಎರಡಕ್ಕೂ ಒಂದೇ ಗಂಟು. ಆಮೇಲೆ ಅವನು ಗೋದಾಮಿನೊಳಗೆ ಅವಳ ಮೂಟೆಗಳನ್ನು ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ಹೊರುತ್ತಿದ್ದ. ಮೂಟೆ ಹೆಗಲ ಮೇಲಿದ್ದಷ್ಟು ಹೊತ್ತು ಅವನ ಹೆಜ್ಜೆ ನೆಲದಲ್ಲಿ ಚೆನ್ನಾಗಿ ಮೂಡುತ್ತಿತ್ತು. ಹೀಗೆ ಮಳೆಗಾಲ ಬಂತು, ಬೇಸಿಗೆ ಬಂತು, ಮತ್ತೆ ಮಳೆಗಾಲ ಬಂತು.

ಆ ವರ್ಷ ಹಬ್ಬಕ್ಕೆ ಕಟ್ಟೆ ಹತ್ತುವವರು ಯಾರೂ ಇರಲಿಲ್ಲ. ಹಿಂದೆ ಹತ್ತಿದವರ ಚಪ್ಪಲಿಗಳು ಮಾತ್ರ ಇದ್ದವು. ಯಜಮಾನ ಅಂಗಡಿಗೆ ಬಂದ.

"ನೋಡಮ್ಮಾ, ಈ ಸಲ ನಿನ್ನ ತಮ್ಮನ ಕಲ್ಲು ಇಳಿಸಿಬಿಡೋಣ."

"ಒಂದ್ಸಲ ಇಳಿಸಿದ್ರಲ್ಲ ಯಜಮಾನ್ರೇ. ಆಮೇಲೆ ಅವನನ್ನು ಇಳಿಸೋಕೆ ನಾನು ಒದ್ದಾಡಿದೆ."

"ಆಗ ಅವನಿಗೆ ಗಟ್ಟಿ ಮನಸ್ಸಿರಲಿಲ್ಲ. ಎಲೆಯಡಿಕೆ ಅಜ್ಜಿನ ನೋಡು. ನಮ್ಮಪ್ಪನ ಕಾಲದಲ್ಲಿ ಕಲ್ಲಿಳಿಸಿದವಳು. ಇವತ್ತಿಗೂ ಭೂಮಿ ಮೇಲೆ ಇದ್ದಾಳೆ, ಪಂಕ್ತಿಯಲ್ಲಿ ಮೊದಲನೇ ಎಲೆ ಅವಳದ್ದು. ಅದು ಮನಸ್ಸು ಅಂದ್ರೆ!" ಎಂದ ಯಜಮಾನ. ಆಮೇಲೆ ತಮ್ಮನ ಕಡೆ ತಿರುಗಿ, "ಕಲ್ಲಿಳಿಸಿದರೆ ಊರಿನ ಮೂಟೆಯೆಲ್ಲ ಮತ್ತೆ ನಿನ್ನ ಹೆಗಲಿಗೆ ಕಣಪ್ಪಾ. ಇಲ್ಲದಿದ್ದರೆ ಇದೇ ಗೋಡೆ, ಇದೇ ಗೋದಾಮು," ಎಂದ.

ಯಜಮಾನ ಹೋದ ಮೇಲೆ ತಮ್ಮ ಹೇಳಿದ: "ಅಕ್ಕಾ, ನಾನು ಕಟ್ಟೆ ಹತ್ತುತ್ತೀನಿ."

"ಯಾಕೆ?"

"ಎಷ್ಟು ದಿನ ಕಲ್ಲು ಕಟ್ಕೊಂಡು ಓಡಾಡ್ಲಿ? ಎಮ್ಮೆಗೂ ಒಂದು ಹೊತ್ತು ಹಗ್ಗ ಬಿಚ್ತಾರೆ."

"ಎಮ್ಮೆ ಹಾರಲ್ಲ ಕಣೋ."

"ಅಜ್ಜಿ ಇದಾಳಲ್ಲ?"

ಉತ್ತರವಿಲ್ಲದ ಪ್ರಶ್ನೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅಂಗಡಿಯಾಕೆಗೆ ಇರಲಿಲ್ಲ. ಒಂದು ಅಚ್ಚು ಬೆಲ್ಲ ಕೈಯಲ್ಲಿ ಹಿಡಿದು ಎಲೆಯಡಿಕೆ ಅಜ್ಜಿಯ ಮನೆಗೆ ಹೋದಳು.

ಅಜ್ಜಿ ಜಗಲಿಯಲ್ಲಿ ಕೂತು ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದಳು. ಬಾಯಲ್ಲಿ ಹಲ್ಲಿರಲಿಲ್ಲ, ಮಾತಿಗೆ ಮಾತ್ರ ಹಲ್ಲಿತ್ತು.

"ಬೆಲ್ಲ ತಂದೀಯಾ? ಹಾಗಾದ್ರೆ ಏನೋ ಕೆಲಸ ಇದೆ. ನೀನು ಸುಮ್ಮನೆ ಉಪ್ಪೂ ಕೊಡೋಳಲ್ಲ."

"ಅಜ್ಜೀ, ಕಲ್ಲಿಲ್ಲದೆ ಹೇಗೆ ನಿಂತೆ, ಅದನ್ನು ಹೇಳು."

"ದೇವರ ದಯೆ," ಎಂದಳು ಅಜ್ಜಿ. ಹಾಗೆಂದು ಬೆಲ್ಲ ತೆಗೆದುಕೊಳ್ಳಲು ಬಾಗಿದಾಗ ಸೊಂಟದ ಎಲೆಯಡಿಕೆ ಸಂಚಿ ಸಡಿಲವಾಗಿ ಜಾರಿತು. ಅಂಗಡಿಯಾಕೆ ತಟ್ಟನೆ ಹಿಡಿದಳು. ಹಿಡಿದವಳು ಹಾಗೇ ನಿಂತಳು. ಅಜ್ಜಿಯ ಹಿಮ್ಮಡಿ ಮೆಲ್ಲಗೆ ನೆಲ ಬಿಡುತ್ತಿತ್ತು.

"ಅಜ್ಜೀ, ಎಲೆಯಡಿಕೆಗೆ ಇಷ್ಟು ತೂಕವಾ?"

"ಕೊಡೇ ಇಲ್ಲಿ, ಮುಂಡೇದೇ!" ಅಜ್ಜಿ ಸಂಚಿ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿ ಧಪ್ಪನೆ ಕೂತಳು. ಆಚೆ ಈಚೆ ನೋಡಿದಳು. "ಅಂಗಡಿಯವಳ ಕೈಗೆ ಸಿಗಬಾರದಿತ್ತು. ಹೂಂ, ಕಲ್ಲೇ. ಎಲೆ ಅಡಿಕೆ ಮಡಿಲಲ್ಲಿರ್ತದೆ, ಸಂಚಿಯಲ್ಲಿ ಕಲ್ಲು. ಒಂದು ದಿನವೂ ಬಿಟ್ಟಿಲ್ಲ."

"ಮತ್ತೆ ಕಟ್ಟೆ ಮೇಲೆ ನಿಂತು ವಾಸಿ ಅಂದೆಯಂತೆ?"

"ಸುಳ್ಳು ಹೇಳಲಿಲ್ಲ ಕಣೇ ನಾನು. ವಾಸಿಯಾ ಅಂತ ಕೇಳಿದ್ರು. ನಿನ್ನೆಗಿಂತ ವಾಸಿ ಅಂದೆ. ತಮಟೆಯವನಿಗೆ ಆತುರ, ಮೊದಲೇ ಬಡಿದುಬಿಟ್ಟ. 'ನಿನ್ನೆಗಿಂತ' ತಮಟೆಯಲ್ಲಿ ಮುಚ್ಚಿಹೋಯ್ತು, 'ವಾಸಿ' ಮಾತ್ರ ಊರಿಗೆ ಕೇಳ್ತು. ಕಲ್ಲು ಇಳಿಸಿದ್ರು. ಪಕ್ಕದಲ್ಲಿದ್ದ ತೆಂಗಿನಕಾಯಿ ಒಡೆಯೋ ಕಲ್ಲನ್ನು ಸೆರಗಲ್ಲಿ ಕಟ್ಕೊಂಡು ಮನೆಗೆ ಬಂದೆ."

"ಅಷ್ಟು ಜನ ಹೋದ್ರಲ್ಲ ಅಜ್ಜೀ. ಬಾಯಿ ಬಿಡಬಾರದಿತ್ತಾ?"

ಅಜ್ಜಿ ಕುಟ್ಟಾಣಿಯನ್ನು ಸುಮ್ಮನೆ ಕುಟ್ಟಿದಳು. ಅದರಲ್ಲಿ ಎಲೆ ಮುಗಿದಿತ್ತು.

"ಮೊದಲನೇ ಎಲೆ ಬಿಸಿಯಾಗಿರ್ತದೆ," ಎಂದಳು ಕೊನೆಗೆ. "ಯಾರಿಗೂ ಹೇಳಬೇಡ."

ಅಂಗಡಿಯಾಕೆ ಮನೆಗೆ ಬಂದವಳೇ ತಮ್ಮನ ಹಬ್ಬದ ಅಂಗಿಯ ಅಂಚು ಬಿಚ್ಚಿ, ಒಳಗೆ ಸಣ್ಣ ಸಣ್ಣ ತೂಕದ ಬಟ್ಟುಗಳನ್ನು ಇಟ್ಟು, ಸುತ್ತಲೂ ಮತ್ತೆ ಹೊಲಿದಳು. ಊರಿಗೆ ಕಲ್ಲು ಇಳಿದ ಹಾಗೂ ಆಗಬೇಕು, ತಮ್ಮ ಉಳಿದ ಹಾಗೂ ಆಗಬೇಕು. ಗಿರಾಕಿಗೂ ನಷ್ಟವಿಲ್ಲ, ಅಂಗಡಿಗೂ ನಷ್ಟವಿಲ್ಲ. ಇದು ವ್ಯಾಪಾರ.

ಹಬ್ಬದ ಬೆಳಿಗ್ಗೆ ತಮ್ಮ ಕಲ್ಲು ಬಿಚ್ಚಿ, ಚಿಲಕ ಹಿಡಿದುಕೊಂಡು ಬಂದು ತಕ್ಕಡಿಯಲ್ಲಿ ಕೂತ.

"ಇವತ್ತು ಹೀಗೇ ತೂಗು ಅಕ್ಕಾ. ನೋಡೇಬಿಡೋಣ."

ಅವಳು ಎದುರಿನ ತಟ್ಟೆಗೆ ಒಂದೇ ಒಂದು ಅಚ್ಚು ಬೆಲ್ಲ ಇಟ್ಟಳು. ಬೆಲ್ಲ ಕೆಳಗೆ ಬಂತು. ತಮ್ಮ ಮೇಲೆ ಹೋದ. ಇಬ್ಬರೂ ತಕ್ಕಡಿಯ ಮುಳ್ಳನ್ನು ನೋಡಿದರು. ಮುಳ್ಳಿಗೆ ದಾಕ್ಷಿಣ್ಯ ಇರಲಿಲ್ಲ.

ಅವಳು ಹಬ್ಬದ ಅಂಗಿ ತಂದು ಅವನ ಮಡಿಲಿಗೆ ಹಾಕಿದಳು. ಅಂಚನ್ನು ಮುಟ್ಟಿ ನೋಡಿ ಅವನು ನಕ್ಕ.

"ಬೇಡ ಅಕ್ಕಾ."

"ಅಂಗಿ ಬೇಡಾಂದ್ರೆ ಹೋಗಬೇಡ."

"ಹೋಗ್ತೀನಿ. ಆದರೆ ಕದ್ದು ಹೊರಲ್ಲ. ಕದ್ದು ಕುಡಿದದ್ದೇ ಸಾಕು. ಸೀಸೆ ಎಲ್ಲಿಡೋದು, ಬಾಯಿ ವಾಸನೆ ಹೇಗೆ ಮುಚ್ಚೋದು, ನಿನ್ನ ಮುಖ ಹೇಗೆ ನೋಡೋದು, ದಿನವಿಡೀ ಅದೇ ಕೆಲಸ ಆಗಿತ್ತು. ಈಗ ಕಲ್ಲನ್ನೂ ಬಚ್ಚಿಟ್ಟುಕೊಂಡರೆ ನಾನು ಅದೇ ಮನೆಗೆ ಹಿತ್ತಲ ಬಾಗಿಲಿಂದ ಹೋದ ಹಾಗೆ."

"ಕಟ್ಟೆ ಮೇಲೆ ಏನಂತೀಯ ಹಾಗಾದ್ರೆ?"

"ದಿನಾ ನಿನಗೆ ಹೇಳ್ತೀನಲ್ಲ, ಅದೇ. ನಿನ್ನೆಗಿಂತ ವಾಸಿ."

ಅಂಗಡಿಯಾಕೆಗೆ ನಗುವೂ ಭಯವೂ ಒಟ್ಟಿಗೆ ಬಂದವು. ಎರಡನ್ನೂ ಪಕ್ಕಕ್ಕಿಟ್ಟು ಅವಳು ತಮಟೆಯ ಬಗ್ಗೆ ಯೋಚಿಸಿದಳು. ತಮಟೆಯ ಚರ್ಮ ಬಿಗಿಯಾಗಬೇಕಾದರೆ ಹುಲ್ಲಿನ ಉರಿಯಲ್ಲಿ ಕಾಯಿಸಬೇಕು. ಹಬ್ಬಕ್ಕೆ ಒಣಹುಲ್ಲು ಹೋಗುವುದು ಅವಳ ಗೋದಾಮಿನಿಂದಲೇ. ಒಂದು ಕೊಡ ನೀರನ್ನು ಹುಲ್ಲಿನ ಹೊರೆಯ ಮೇಲೆ ನಿಧಾನವಾಗಿ, ಅಭಿಷೇಕ ಮಾಡಿದ ಹಾಗೆ ಸುರಿದು, ತಾನೇ ಹೊತ್ತುಕೊಂಡು ಕಟ್ಟೆಗೆ ಹೋದಳು.

ಊರೆಲ್ಲ ಸೇರಿತ್ತು. ಪಾಯಸದ ಕೊಪ್ಪರಿಗೆಯಿಂದ ಹಬೆ ಏಳುತ್ತಿತ್ತು. ಎಲೆಯಡಿಕೆ ಅಜ್ಜಿಯನ್ನು ಎಂದಿನಂತೆ ಕಟ್ಟೆಯ ಬುಡದಲ್ಲೇ ಕೂರಿಸಿದ್ದರು, ಬೇರೆಯವರು ನೋಡಿ ಕಲಿಯಲಿ ಎಂದು. ತಮಟೆಯವನು ಹುಲ್ಲಿಗೆ ಬೆಂಕಿ ಹಚ್ಚಿದ. ಹೊಗೆ ಬಂತು, ಉರಿ ಬರಲಿಲ್ಲ. ಬಡಿದು ನೋಡಿದ. ದಬ್ ದಬ್ ಎಂದಿತು, ಒದ್ದೆ ಗೋಣಿ ಒಗೆದ ಹಾಗೆ.

"ಏನಮ್ಮಾ ನಿನ್ನ ಹುಲ್ಲು!" ಎಂದ ಅವನು ಕಣ್ಣೊರೆಸಿಕೊಳ್ಳುತ್ತಾ.

"ಇಬ್ಬನಿ ಜಾಸ್ತಿ ಕಣಪ್ಪಾ," ಎಂದಳು ಅಂಗಡಿಯಾಕೆ, ಹೊಗೆಯ ಆಚೆ ನಿಂತು.

ಯಜಮಾನ ಕೇಳಿದ: "ವಾಸಿಯಾ?"

"ನಿನ್ನೆಗಿಂತ ವಾಸಿ," ಎಂದ ತಮ್ಮ.

ತಮಟೆ ದಬ್ ಎಂದಿತು. ಆ ಸದ್ದಿಗೆ ಏನನ್ನೂ ಮುಚ್ಚುವ ಶಕ್ತಿಯಿರಲಿಲ್ಲ. ಹಿಂದಿನ ಸಾಲಿನ ಕಿವುಡನಿಗೂ ಕೇಳಿಸಿತು.

"ನಿನ್ನೆಗಿಂತ ಬೇಡಪ್ಪಾ. ಬರೀ ವಾಸಿ ಅನ್ನು."

"ಬರೀ ವಾಸಿ ಅಂದ್ರೆ ಇಲ್ಲಿ ವಾಸ ಮಾಡೋನು ಅಂತಲೂ ಆಗ್ತದೆ ಯಜಮಾನ್ರೇ. ಅದಾದ್ರೆ ಹೌದು. ಈ ಊರಿನ ವಾಸಿ ನಾನು, ಎಲ್ಲೂ ಹೋಗಲ್ಲ. ಆದ್ರೆ ಕಲ್ಲು ಇರಲಿ."

ಜನ ಕಿಸಕ್ಕೆಂದರು. ಯಜಮಾನನಿಗೆ ರೇಗಿತು. ನಗಿಸಿದವನ ಮೇಲೆ ಬರುವ ಸಿಟ್ಟು ಬೈದವನ ಮೇಲೂ ಬರುವುದಿಲ್ಲ. "ವ್ಯಾಕರಣ ಹೇಳ್ಕೊಡ್ತೀಯಾ ನನಗೆ? ಕಟ್ಟೆ ಹತ್ತಿದವನ ಕಲ್ಲು ಇಳೀಬೇಕು, ಅಷ್ಟೇ," ಎಂದು ಮುಂದೆ ಬಂದು, ತಮ್ಮನ ಸೊಂಟದ ಗಂಟು ಜಗ್ಗಿ, ಕಲ್ಲು ಎತ್ತಿಕೊಂಡುಬಿಟ್ಟ.

ತಮ್ಮನ ಹಿಮ್ಮಡಿ ನೆಲ ಬಿಟ್ಟಿತು. ಬೆರಳು ನೆಲ ಬಿಟ್ಟಿತು. ಅಂಗಡಿಯಾಕೆ ಹೊಗೆಯಿಂದ ನುಗ್ಗಿದಳು. ನಡುವೆ ಊರಿಗೆ ಊರೇ ಗೋಡೆಯಾಗಿ ನಿಂತಿತ್ತು, ಎಲ್ಲರೂ ಮೇಲೆ ನೋಡುತ್ತಿದ್ದರು, ದಾರಿ ಬಿಡುವವರಿರಲಿಲ್ಲ. ಇಲ್ಲಿ ಸೂರಿರಲಿಲ್ಲ, ತೊಲೆಯಿರಲಿಲ್ಲ, ಮೇಲೆ ಬರೀ ಆಕಾಶ. ಧೊಪ್ಪೆಂದು ಒಂದು ಚಪ್ಪಲಿ ಬಿತ್ತು.

ಬಿದ್ದದ್ದು ಅಜ್ಜಿಯ ಮಡಿಲಿಗೆ.

ಅಜ್ಜಿ ಚಪ್ಪಲಿ ನೋಡಿದಳು. ಕಟ್ಟೆಯ ಮೇಲಿನ ರಾಶಿ ನೋಡಿದಳು. "ಥೂ, ಸುಡಲಿ ಮೊದಲನೇ ಎಲೆ!" ಎಂದು ಎದ್ದು, ಕಟ್ಟೆ ಹತ್ತಿ, ಸೊಂಟದ ಸಂಚಿ ಕಿತ್ತು ಅವನ ಕೈಗೆ ಎಟುಕುವಂತೆ ಎತ್ತಿ ಹಿಡಿದಳು. ಅವನು ಹಿಡಿದುಕೊಂಡ. ಅವನು ಕೆಳಗಿಳಿದ. ಅಜ್ಜಿ ಮೇಲೆದ್ದಳು.

"ಅಯ್ಯಯ್ಯೋ! ಹಿಡ್ಕೊಳ್ರೋ! ಕುಟ್ಟಾಣಿ ಕೆಳಗೇ ಬಿಟ್ಟಿದೀನಿ!"

ಅಷ್ಟರಲ್ಲಿ ಅಂಗಡಿಯಾಕೆ ಬಂದಿದ್ದಳು. ಅಜ್ಜಿಯ ಎರಡೂ ಕಾಲನ್ನು ಅಪ್ಪಿ ಹಿಡಿದು ಕಟ್ಟೆಯ ಮೇಲೆ ಗಟ್ಟಿಯಾಗಿ ಊರಿ ನಿಂತಳು. ಯಜಮಾನ ಕಲ್ಲು ಹಿಡಿದುಕೊಂಡು ಬಾಯಿ ತೆರೆದು ನೋಡುತ್ತಿದ್ದ.

"ಯಜಮಾನ್ರೇ, ಕಲ್ಲು ಕೊಡ್ರೀ! ಅದೇನು ಪ್ರಸಾದವಾ, ಹಾಗೆ ಹಿಡ್ಕೊಂಡು ನಿಂತಿದೀರಲ್ಲ!"

ಯಜಮಾನ ಕೊಟ್ಟ. ತಮ್ಮನ ಕಲ್ಲು ತಮ್ಮನಿಗೆ ಬಂತು, ಅಜ್ಜಿಯ ಸಂಚಿ ಅಜ್ಜಿಗೆ ಹೋಯಿತು. ನೆಲಕ್ಕಿಳಿದ ಅಜ್ಜಿ ಸೀರೆ ಸರಿಮಾಡಿಕೊಂಡಳು.

"ಏನು ನೋಡ್ತೀರಾ? ಆವತ್ತು ನಾನೂ ಅದನ್ನೇ ಅಂದಿದ್ದೆ. ತಮಟೆ ಜೋರಾಗಿತ್ತು."

ಆ ಗುಂಪಿನಲ್ಲಿ ಕೆಲವರ ಕೈ ತಂತಮ್ಮ ಸೊಂಟಕ್ಕೆ, ಮಡಿಲಿಗೆ, ರುಮಾಲಿನ ಗಂಟಿಗೆ ತಂತಾನೇ ಹೋದದ್ದನ್ನು ಅಂಗಡಿಯಾಕೆ ಕಂಡಳು. ಸೀಸೆ ಕೊಡುತ್ತಿದ್ದ ವೈದ್ಯನ ಕೈಯೂ ಹೋಗಿತ್ತು. ಕಂಡದ್ದನ್ನು ಅವಳು ಹೇಳಲಿಲ್ಲ. ಯಾವ ಸರಕನ್ನು ಯಾವತ್ತು ಹೊರಗೆ ಇಡಬೇಕೆಂಬುದು ಅದರ ಒಡೆಯನಿಗೆ ಬಿಟ್ಟದ್ದು.

ಯಜಮಾನ ಗಂಟಲು ಸರಿಮಾಡಿಕೊಂಡು, ವಾಸಿ ಎಂಬ ಮಾತಿಗೆ ಅರ್ಥ ಒಂದಕ್ಕಿಂತ ಹೆಚ್ಚಿರುವುದರಿಂದ, ಸರಿಯಾದದ್ದು ತೀರ್ಮಾನವಾಗುವವರೆಗೆ ಕಲ್ಲಿಳಿಸುವುದನ್ನು ಮುಂದೂಡಲಾಗಿದೆ ಎಂದ. ಪಾಯಸವನ್ನು ಮುಂದೂಡಲಿಲ್ಲ. ಪಂಕ್ತಿಯಲ್ಲಿ ಕಲ್ಲು ಹೊತ್ತವನ ಪಕ್ಕ ಕೂರುವುದು ಹೇಗೆಂದು ಕೆಲವರು ಗೊಣಗಿದರು. ಅಜ್ಜಿ ಮೊದಲನೇ ಎಲೆ ಬಿಟ್ಟು ಬಂದು ತಮ್ಮನ ಪಕ್ಕ ಧಪ್ಪನೆ ಕೂತಳು. ಆಮೇಲೆ ಆ ಸಾಲಿನಲ್ಲಿ ಇನ್ನೂ ಕೆಲವರು ಧಪ್ಪಧಪ್ಪನೆ ಕೂತರು. ಮನುಷ್ಯ ಮಾತ್ರ ಕೂತರೆ ಅಷ್ಟು ಸದ್ದಾಗುವುದಿಲ್ಲ. ತಮ್ಮ ಪಾಯಸ ಮುಟ್ಟಲಿಲ್ಲ, ಹಪ್ಪಳ ಮಾತ್ರ ಎರಡು ಸಲ ಕೇಳಿ ಹಾಕಿಸಿಕೊಂಡ.

ಊಟ ಮುಗಿದ ಮೇಲೆ ಪದ್ಧತಿಯಂತೆ ಯಾರೋ ಬಿದ್ದ ಚಪ್ಪಲಿಯನ್ನು ಎತ್ತಿ ಕಟ್ಟೆಯ ರಾಶಿಗೆ ಹಾಕಲು ಹೊರಟರು.

"ಸ್ವಾಮೀ, ಅದು ನನ್ನದು," ಎಂದ ತಮ್ಮ. ಈಸಿಕೊಂಡು, ನೆಲಕ್ಕೆ ಹಾಕಿ, ಕಾಲು ತೂರಿಸಿದ. ಕಟ್ಟೆಯ ಮೇಲಿದ್ದ ಅಷ್ಟೂ ಚಪ್ಪಲಿಗಳಿಗೆ ಸಿಗದ ಕಾಲು ಆ ಒಂದಕ್ಕೆ ಸಿಕ್ಕಿತು.

ಮರುದಿನ ಬೆಳಿಗ್ಗೆ ಅಂಗಡಿಯಾಕೆ ಬಾಗಿಲಿಗೆ ನೀರು ಹಾಕಿದಳು. ತಮ್ಮ ತಕ್ಕಡಿಯಲ್ಲಿ ಕೂತ. ಬೀದಿಯಲ್ಲಿ ತಮಟೆಯವನು, ಸುಮ್ಮನೆ ಈ ಕಡೆ ಬಂದೆ ಎನ್ನುವ ಮುಖ ಹೊತ್ತು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ.

"ಕಾಯಪ್ಪಾ, ಇವನದ್ದು ಆಗಲಿ," ಎಂದಳು ಅವನಿಗೆ. ಆಮೇಲೆ ತಮ್ಮನನ್ನು ಕೇಳಿದಳು: "ಹೇಗಿದೆ?"

ತಮ್ಮ ಬೆನ್ನು ಸವರಿಕೊಂಡ. ಮುಖ ಹಿಂಡಿದ.

"ನಿನ್ನೆಯೇ ವಾಸಿ."

ಅವಳು ದೊಡ್ಡ ಕಲ್ಲು ಎತ್ತಿಕೊಂಡಳು.